ಗೋಮಾಳದ ಲೆಕ್ಕ ಹುಲ್ಲಿನ ತೂಕದಿಂದ ಆಗಲಿ

ಸಂಪಾದಕರಿಗೆ,

ಮಾನ್ಯರೇ,

ಹಳ್ಳಿಯ ಗೋಮಾಳದಲ್ಲಿ 'ಹೆಚ್ಚುವರಿ' ಜಮೀನು ಎಷ್ಟಿದೆ ಎಂದು ತೀರ್ಮಾನಿಸಲು ಕಂದಾಯ ಇಲಾಖೆಗೆ ಇರುವುದು ಒಂದೇ ಅಳತೆಗೋಲು. ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮದಂತೆ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ. ಗಣತಿಯ ತಲೆಲೆಕ್ಕವನ್ನು ಇದರಿಂದ ಗುಣಿಸಿ, ಪಹಣಿಯ ವಿಸ್ತೀರ್ಣದಲ್ಲಿ ಕಳೆದರೆ ಉಳಿದದ್ದು ಬೇರೆ ಉದ್ದೇಶಕ್ಕೆ ಮಂಜೂರಾತಿಗೆ ಸಿದ್ಧ. ಅಷ್ಟು ನೆಲದಲ್ಲಿ ಬೆಳೆಯುವ ಹುಲ್ಲೆಷ್ಟು ಎಂಬ ಪ್ರಶ್ನೆ ಈ ಕಡತದಲ್ಲಿ ಎಲ್ಲೂ ಏಳುವುದಿಲ್ಲ. ಹುಲ್ಲುಗಾವಲಿನಲ್ಲಿ ಕ್ಷೇತ್ರ ಸಹಾಯಕರಾಗಿ ಹುಲ್ಲು ಕೊಯ್ದು ತೂಗುವ, ದನದ ಮೈ ಅಳೆಯುವ ಕೆಲಸ ಮಾಡುವವರಾಗಿ ಈ ಪ್ರಶ್ನೆಯನ್ನು ನಾವು ಎತ್ತಲೇಬೇಕಿದೆ.

ಚಳ್ಳಕೆರೆ, ಹಿರಿಯೂರು ಸೀಮೆಯಂಥ ಒಣಪ್ರದೇಶದ ಒಂದು ಗೋಮಾಳದಲ್ಲಿ ಚದರ ಮೀಟರಿಗೆ, ದನ ತಿನ್ನುವಂಥ ಹುಲ್ಲು, ಒಣತೂಕದಲ್ಲಿ 150 ಗ್ರಾಂ ಸಿಕ್ಕಿತು ಎಂದಿಟ್ಟುಕೊಳ್ಳಿ. ಹತ್ತರಿಂದ ಗುಣಿಸಿದರೆ ಹೆಕ್ಟೇರಿಗೆ 1,500 ಕೆ.ಜಿ. ಅದರಲ್ಲಿ ಅರ್ಧವನ್ನು ನೆಲದಲ್ಲೇ ಬಿಡಬೇಕು. ಬಿಡದಿದ್ದರೆ ಬುಡ ಸೊರಗಿ ಮುಂದಿನ ಮಳೆಗೆ ಚಿಗುರುವುದಿಲ್ಲ, ಬೋಳಾದ ಜಾಗದಲ್ಲಿ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಹಾಗಾಗಿ ಮೇವಿಗೆ ದಕ್ಕುವುದು 750 ಕೆ.ಜಿ. 12 ಹೆಕ್ಟೇರಿಗೆ 9,000 ಕೆ.ಜಿ. ಸುಮಾರು 300 ಕೆ.ಜಿ. ತೂಗುವ ಹಸು ದಿನಕ್ಕೆ ತನ್ನ ತೂಕದ ಶೇ 2ರಿಂದ 2.5ರಷ್ಟು ಒಣಮೇವು ತಿನ್ನುತ್ತದೆ, ಏಳು ಕೆ.ಜಿ. ಎನ್ನೋಣ. ನೂರು ದನಕ್ಕೆ ದಿನಕ್ಕೆ 700 ಕೆ.ಜಿ. ಎಂದಾದರೆ ಆ 12 ಹೆಕ್ಟೇರ್ ಹುಲ್ಲು ಹದಿಮೂರು ದಿನಕ್ಕೆ ಮುಗಿಯಿತು! ರಾಗಿ ಹುಲ್ಲು, ಜೋಳದ ಸಪ್ಪೆ, ಬದುವಿನ ಮೇವು ಇದ್ದೇ ಇರುತ್ತದೆ, ಗೋಮಾಳವೊಂದೇ ದನವನ್ನು ವರ್ಷಪೂರ್ತಿ ಸಾಕಬೇಕಿಲ್ಲ, ಒಪ್ಪೋಣ. ಆದರೂ ಹದಿಮೂರು ದಿನದ ಮೇವಿನ ನೆಲ ಬಿಟ್ಟು ಉಳಿದದ್ದನ್ನೆಲ್ಲ 'ಹೆಚ್ಚುವರಿ' ಎನ್ನುವುದು ಯಾವ ನ್ಯಾಯ?

ತಲೆಲೆಕ್ಕದಲ್ಲೇ ಇನ್ನೊಂದು ತೊಡಕಿದೆ. ಮಲೆನಾಡು ಗಿಡ್ಡ ಹಸು ಅಮೃತಮಹಲ್ ಹಸುವಿನ ಅರ್ಧದಷ್ಟೂ ತೂಗುವುದಿಲ್ಲ. ಮಿಶ್ರತಳಿ ಹಸುವಿನ ಹಸಿವು ಎರಡಕ್ಕಿಂತಲೂ ದೊಡ್ಡದು. ನಿಯಮಕ್ಕೆ ಮೂರೂ ಒಂದೇ. ಸುಮಾರು ಏಳು ಕುರಿ ಸೇರಿದರೆ ಒಂದು ಹಸುವಿನಷ್ಟು ಮೇಯುತ್ತವೆ. ಸುಗ್ಗಿ ಮುಗಿದ ಮೇಲೆ ಬೇರೆ ತಾಲ್ಲೂಕಿನಿಂದ ಬಂದಿಳಿಯುವ ಕುರಿಮಂದೆಗಳು ಈ ಊರಿನ ಗಣತಿಯಲ್ಲಿ ಇರುವುದಿಲ್ಲ, ಗೋಮಾಳದಲ್ಲಿ ಮಾತ್ರ ಇರುತ್ತವೆ.

ಹುಲ್ಲು ತೂಗುವುದು ದುಬಾರಿ ಕೆಲಸವಲ್ಲ. ಆದರೆ ಅಡ್ಡಾದಿಡ್ಡಿ ಮಾಡಿದರೆ ತೂಗದೇ ಇರುವುದೇ ಮೇಲು. ಬೇಕಾದದ್ದು ಒಂದು ಮೀಟರ್ ಅಳತೆಯ ಕಬ್ಬಿಣದ ಸರಳಿನ ಚೌಕಟ್ಟು, ಕುಡುಗೋಲು, ಗ್ರಾಂ ತೋರಿಸುವ ತಕ್ಕಡಿ, ಬಟ್ಟೆಚೀಲ, ಪೆನ್ಸಿಲ್. ಚೌಕಟ್ಟಿನ ಒಂದು ಬದಿ ತೆರೆದಿದ್ದರೆ ಪೊದೆಯ ಬುಡಕ್ಕೂ ತೂರಿಸಬಹುದು. ಚೀಲದೊಳಗಿಡುವ ಚೀಟಿಯನ್ನು ಪೆನ್ನಿನಲ್ಲಿ ಬರೆದರೆ ಹುಲ್ಲಿನ ತೇವಕ್ಕೆ ಅಕ್ಷರ ಹರಡಿ ಚೀಲ ಯಾವ ಜಾಗದ್ದೆಂದೇ ತಿಳಿಯದು, ಅದಕ್ಕೇ ಪೆನ್ಸಿಲ್.

ಮೊದಲು ಗೋಮಾಳವನ್ನು ನೀರಿನಿಂದ ಇರುವ ದೂರದ ಮೇಲೆ ಮೂರು ಪಟ್ಟಿಯಾಗಿ ಭಾಗ ಮಾಡಬೇಕು. ಕೆರೆ, ಕಟ್ಟೆಯ ಹತ್ತಿರ ದನ ನಿಂತು ತುಳಿದು ಗರಿಕೆ, ಕಾಂಗ್ರೆಸ್ ಗಿಡ, ತಗಚೆ ಮಾತ್ರ ಉಳಿದಿರುತ್ತವೆ. ದೂರ ಹೋದಂತೆ ಎತ್ತರದ ಬುಡಹುಲ್ಲು ಸಿಗುತ್ತದೆ. ಬಹುತೇಕ ವರದಿಗಳು ಕೆಡುವುದು ಇಲ್ಲೇ: ಜೀಪು ನಿಲ್ಲುವ ರಸ್ತೆಯ ಪಕ್ಕದಲ್ಲೇ ಎಲ್ಲ ಚೌಕಟ್ಟೂ ಬಿದ್ದಿರುತ್ತದೆ. ಚೌಕಟ್ಟು ಇಡುವ ಬಿಂದುಗಳನ್ನು ನಕ್ಷೆಯ ಮೇಲೆ ಚೀಟಿ ಎತ್ತಿ ಆರಿಸಿ, ಜಿಪಿಎಸ್ ಹಿಡಿದು ಅಲ್ಲಿಗೇ ನಡೆಯಬೇಕು. ಬಿಂದು ಬಳ್ಳಾರಿ ಜಾಲಿಯ ಮುಳ್ಳಿನ ನಡುವೆ ಬಿತ್ತೋ, ಬರೀ ಬಂಡೆಯ ಮೇಲೆ ಬಿತ್ತೋ, 'ಹುಲ್ಲು ಇಲ್ಲ' ಎಂದು ಸೊನ್ನೆ ಬರೆಯಬೇಕೇ ಹೊರತು ನಾಲ್ಕು ಹೆಜ್ಜೆ ಸರಿದು ಚೆನ್ನಾಗಿರುವ ಕಡೆ ಇಡಬಾರದು. ಆ ಸೊನ್ನೆಗಳೂ ಗೋಮಾಳದ ಸತ್ಯವೇ. ಹುಲ್ಲು ತೇಪೆತೇಪೆಯಾಗಿ ಬೆಳೆಯುವ ನೆಲದಲ್ಲಿ, ಸರಾಸರಿಯು ನಿಜವಾದ ತೂಕದ ಶೇ 20ರ ಆಚೀಚೆಯೊಳಗೆ ನಿಲ್ಲಬೇಕೆಂದರೆ ಸುಮಾರು 35 ಚೌಕಟ್ಟಾದರೂ ಬೇಕು. ಐದಾರರಲ್ಲಿ ಮುಗಿಸಿದ್ದು ಅಂದಾಜೂ ಅಲ್ಲ.

ಬೇರು ಚೌಕಟ್ಟಿನ ಒಳಗಿರುವ ಹುಲ್ಲನ್ನು ಮಾತ್ರ, ನೆಲದಿಂದ ಎರಡು ಮೂರು ಸೆಂಟಿಮೀಟರ್ ಬಿಟ್ಟು ಕೊಯ್ಯಬೇಕು. ಹೊರಗಿನಿಂದ ಒಳಕ್ಕೆ ಬಾಗಿದ್ದು ಲೆಕ್ಕಕ್ಕಿಲ್ಲ. ಅಲ್ಲೇ ಕೂತು ದನ ತಿನ್ನುವ ಹುಲ್ಲು ಬೇರೆ, ಮೂಸಿ ಬಿಡುವ ಗಿಡ ಬೇರೆ ಎಂದು ಆರಿಸಬೇಕು. ತಂಗಡಿ, ಕಾಂಗ್ರೆಸ್ ಗಿಡ, ತಗಚೆಯನ್ನು ಹುಲ್ಲಿನ ಜೊತೆ ತೂಗಿದರೆ ಕಾಗದದಲ್ಲಿ ಮೇವು ಉಕ್ಕುತ್ತದೆ, ದನದ ಹೊಟ್ಟೆ ಖಾಲಿಯೇ ಇರುತ್ತದೆ. ಬೆರಳಿಗೆ ಚುಚ್ಚುವ ಕೂದಲಿನಂಥ ತೆನೆಯ ಹೆಟೆರೊಪೊಗಾನ್ ಹುಲ್ಲನ್ನು ಎಳೆಯದಾಗಿರುವಾಗ ದನ ಚೆನ್ನಾಗಿ ಮೇಯುತ್ತದೆ. ತೆನೆ ಬಲಿತ ಮೇಲೆ ಅದು ಬಾಯಿಗೆ, ಕುರಿಯ ಉಣ್ಣೆಗೆ, ಚರ್ಮಕ್ಕೆ ನಾಟುತ್ತದೆ. ಆದ್ದರಿಂದ ಅದನ್ನು ಎಳೆಯದೋ ಬಲಿತದ್ದೋ ಎಂದು ಗುರುತು ಹಾಕಿಯೇ ಚೀಲಕ್ಕೆ ತುಂಬಬೇಕು.

ಹಸಿತೂಕವನ್ನೇ ಮೇವೆಂದು ಬರೆಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಆಗಸ್ಟ್ ತಿಂಗಳ ಎಳೆಹುಲ್ಲಿನಲ್ಲಿ ಮುಕ್ಕಾಲು ಪಾಲು ನೀರು. 400 ಗ್ರಾಂ ತೂಗಿದ್ದು ಒಣಗಿದರೆ 100 ಗ್ರಾಂ. ಚೀಲಗಳನ್ನು ಒಂದರ ಮೇಲೊಂದು ಒಟ್ಟಿ ರಾತ್ರಿ ಬಿಟ್ಟರೆ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಅಂದೇ ಸಂಜೆ ಬಾಯಿ ಬಿಚ್ಚಿ ನೆರಳಿನಲ್ಲಿ ಹರಡಬೇಕು. ಆಮೇಲೆ 65 ಡಿಗ್ರಿ ಸೆಲ್ಸಿಯಸ್ ಬಿಸಿಯ ಓವನ್‌ನಲ್ಲಿ 48 ಗಂಟೆ ಇಟ್ಟು ತೂಗಿ, ಮತ್ತೆ ಇಟ್ಟು ತೂಗಿ, ತೂಕ ಇಳಿಯುವುದು ನಿಂತ ಮೇಲೆ ಬರೆದುಕೊಳ್ಳಬೇಕು.

ದನದ ತೂಕಕ್ಕೆ ಹಳ್ಳಿಯಲ್ಲಿ ತೂಕದ ಯಂತ್ರ ಸಿಗದು, ಟೇಪೇ ಗತಿ. ಹಿಣಿಲಿನ ಹಿಂದೆ, ಮುಂಗಾಲಿನ ಒತ್ತಿಗೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಪೃಷ್ಠದ ಮೂಳೆಯವರೆಗೆ ಉದ್ದ, ಎರಡೂ ಇಂಚಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕೆ.ಜಿ. ಸುತ್ತಳತೆ 60, ಉದ್ದ 50 ಆದರೆ ಸುಮಾರು 273 ಕೆ.ಜಿ. ಟೇಪು ಒಂದೇ ಇಂಚು ಸಡಿಲವಾಗಿದ್ದರೆ 282 ಬರುತ್ತದೆ. ಬೆಳಿಗ್ಗೆ ನೀರು ಕುಡಿಸುವ ಮುನ್ನ, ಸಮನೆಲದಲ್ಲಿ ನಾಲ್ಕೂ ಕಾಲಿನ ಮೇಲೆ ನೇರ ನಿಲ್ಲಿಸಿ, ಎರಡು ಸಲ ಅಳೆಯಬೇಕು. ದನದ ಕಿವಿಗೆ ಹಾಕಿದ ಗುರುತಿನ ಓಲೆಯ 12 ಅಂಕಿಯನ್ನು ಒಬ್ಬರು ಓದಿ ಇನ್ನೊಬ್ಬರು ಬರೆದು, ಬರೆದದ್ದನ್ನು ತಿರುಗಿ ಓದಿ ಹೇಳಬೇಕು. ಜಾಲಿಗೆ ಸಿಕ್ಕಿ ಓಲೆ ಕಿತ್ತುಹೋದ ದನಕ್ಕೆ ಕೊಂಬು, ಬಣ್ಣ, ಸುಳಿಯ ಗುರುತು ಬರೆದಿಡಬೇಕು.

ಇಷ್ಟನ್ನೂ ವರ್ಷಕ್ಕೊಮ್ಮೆ ಮಾಡಿ ಪ್ರಯೋಜನವಿಲ್ಲ. ಮೈಸೂರು ಅರಸರ ಕಾಲದ ಅಮೃತಮಹಲ್ ಇಲಾಖೆ ಕಾವಲುಗಳನ್ನು (ಮೀಸಲು ಹುಲ್ಲುಗಾವಲುಗಳನ್ನು) ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ ಮಂದೆಗಳನ್ನು ಒಂದರಿಂದ ಇನ್ನೊಂದಕ್ಕೆ ಹೊಡೆಯುತ್ತಿತ್ತು. ಅಂದಿನವರಿಗೆ ಗೊತ್ತಿದ್ದ ಈ ಭೇದ ಇಂದಿನ ಸಮೀಕ್ಷೆಗಳಲ್ಲಿ ಕಾಣುವುದಿಲ್ಲ. ಈ ಸೀಮೆಗೆ ದೊಡ್ಡ ಮಳೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ನವೆಂಬರಿನಲ್ಲಿ ತೂಗಿದರೆ ಹುಲ್ಲು ತುಂಬಿ ತುಳುಕುತ್ತಿರುತ್ತದೆ. ಮಾರ್ಚಿನಲ್ಲಿ ಅದೇ ಬಿಂದುವಿಗೆ ಹೋದರೆ ಉಳಿದ ಕರಡದಲ್ಲಿ ಸಾರವೇ ಇರುವುದಿಲ್ಲ. ಮೇವಿನಲ್ಲಿ ಸಸಾರಜನಕ (ಪ್ರೋಟೀನ್) ಶೇ 7ಕ್ಕಿಂತ ಕೆಳಗಿಳಿದರೆ ದನದ ದೊಡ್ಡಹೊಟ್ಟೆಯ ಸೂಕ್ಷ್ಮಜೀವಿಗಳು ಸೊರಗುತ್ತವೆ, ಹುಲ್ಲು ಎದುರಿಗಿದ್ದರೂ ದನ ಕಡಿಮೆ ತಿನ್ನುತ್ತದೆ. ಆಗಸ್ಟ್, ನವೆಂಬರ್, ಮಾರ್ಚ್, ಈ ಮೂರೂ ಸಲ ಅದೇ ಬಿಂದುಗಳಲ್ಲಿ, ಹಿಂದೆ ಕೊಯ್ದ ಜಾಗದ ಪಕ್ಕದಲ್ಲೇ ಕೊಯ್ದು ತೂಗಿದರೆ ಮಾತ್ರ ಚಿತ್ರ ಪೂರ್ತಿಯಾಗುತ್ತದೆ.

ಮಾರ್ಚಿನ ಅಳತೆಯೇ ಸಾಮಾನ್ಯವಾಗಿ ತಪ್ಪಿಹೋಗುವುದು, ಅದಕ್ಕೆ ಕಾರಣ ಹಣ. ಕ್ಷೇತ್ರ ಸಹಾಯಕರ ನೇಮಕ ಯೋಜನೆಯ ಅವಧಿಗೆ, ಹಲವು ಕಡೆ ದಿನಗೂಲಿಗೆ. ಆರ್ಥಿಕ ವರ್ಷ ಮುಗಿಯುವ ಹೊತ್ತಿಗೆ ಅನುದಾನ ಬತ್ತಿರುತ್ತದೆ, ಕಲಿತ ಕೈಗಳು ಬೇರೆ ಕೂಲಿಗೆ ಹೋಗಿರುತ್ತವೆ, ಮುಂದಿನ ವರ್ಷ ಹೊಸಬರು ಬಂದು ಹಳೆಯ ಬಿಂದುಗಳನ್ನು ಹುಡುಕಲಾಗದೆ ಹೊಸದಾಗಿ ಶುರು ಮಾಡುತ್ತಾರೆ. ಕೊಳಕುಮಂಡಲ ಹಾವು ಮಲಗಿರುವ ಹುಲ್ಲಿಗೆ ಕೈ ಹಾಕುವವರಿಗೆ ಮೊಣಕಾಲುದ್ದದ ಬೂಟು, ದಪ್ಪ ಚರ್ಮದ ಕೈಗವಸು, ವಿಮೆ ಕೊಡುವುದು ಉಪಕಾರವಲ್ಲ, ಕೆಲಸದ ಸಲಕರಣೆ.

ಸರ್ಕಾರ ಮಾಡಬೇಕಾದದ್ದು ಇಷ್ಟು. ಯಾವುದೇ ಗೋಮಾಳ ಅಥವಾ ಕಾವಲನ್ನು ಬೇರೆ ಉದ್ದೇಶಕ್ಕೆ ಕೊಡುವ ಮುನ್ನ ಮೂರು ಹಂಗಾಮಿನ ಹುಲ್ಲಿನ ಒಣತೂಕವನ್ನು ಕಡತಕ್ಕೆ ಕಡ್ಡಾಯವಾಗಿ ಸೇರಿಸಲಿ. ಅಳೆಯುವವರನ್ನು ವರ್ಷಪೂರ್ತಿ ಸಂಬಳಕ್ಕೆ ನೇಮಿಸಲಿ. ಗೊಲ್ಲರ ಹಟ್ಟಿಗಳಿಂದ, ದೇವರ ಎತ್ತು ಕಾಯುವ ಕಿಲಾರಿಗಳ ಮನೆಗಳಿಂದ ಆರಿಸಿದರೆ ಇನ್ನೂ ಒಳ್ಳೆಯದು. ಯಾವ ಹುಲ್ಲನ್ನು ದನ ಯಾವ ತಿಂಗಳಲ್ಲಿ ಬಿಡುತ್ತದೆ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ, ತಕ್ಕಡಿ ಮತ್ತು ಪುಸ್ತಕ ಮಾತ್ರ ಕಲಿಸಬೇಕು. ಬಿಂದುಗಳ ಪಟ್ಟಿ ಮತ್ತು ತೂಕದ ಪುಸ್ತಕದ ಪ್ರತಿ ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಇರಲಿ. ಅನುಮಾನ ಬಂದವರು ಚೌಕಟ್ಟು ಹಿಡಿದು ಅದೇ ಬಿಂದುವಿಗೆ ಹೋಗಿ, ಕೊಯ್ದ ಜಾಗದ ಪಕ್ಕದಲ್ಲಿ ತೂಗಿ ನೋಡಬಹುದು.

— ಹುಲ್ಲುಗಾವಲು ಕ್ಷೇತ್ರ ಸಹಾಯಕರು, ಚಿತ್ರದುರ್ಗ ಜಿಲ್ಲೆ