ನಿಮಗೆ ಬರೆದ ವಚನವನ್ನು ನೀವು ಓದಿ

ಸಂಪಾದಕರಿಗೆ,

ಮಾನ್ಯರೇ,

ಮನೆ, ಸಂಸಾರ, ನಂಬಿಕೆ ಇವುಗಳ ಬಗ್ಗೆ ನಿಮ್ಮ ಪತ್ರಿಕೆಗೆ ಓದುಗರು ಬರೆಯುವ ಪತ್ರಗಳನ್ನು ನಾನು ತಪ್ಪದೆ ಓದುತ್ತೇನೆ. ಬರೆಯುತ್ತಿರುವುದು ಇದೇ ಮೊದಲು. ನಾನು ಕ್ರೈಸ್ತ. ಬೆಳಗ್ಗೆ ಎದ್ದ ಕೂಡಲೇ ಸತ್ಯವೇದ, ಅಂದರೆ ಬೈಬಲ್, ತೆರೆಯುವ ಮನೆಯಲ್ಲಿ ಬೆಳೆದವನು. ಹಾಗಾಗಿ ಅದರ ವಚನಗಳು, ಅಂದರೆ ಅಂಕಿ ಹಾಕಿದ ಸಾಲುಗಳು, ಬಾಯಿಗೆ ಬೇಗ ಬರುತ್ತವೆ. ಆ ಬಾಯಿಪಾಠದ ಬಗ್ಗೆಯೇ ಇವತ್ತು ಬರೆಯಬೇಕು ಅನ್ನಿಸಿದೆ.

ನಮ್ಮಲ್ಲಿ ಒಂದು ಅಭ್ಯಾಸ ಬೇರು ಬಿಟ್ಟಿದೆ. ಒಬ್ಬರ ಮೇಲೆ ಸಿಟ್ಟಿದ್ದರೆ ಅವರ ಹತ್ತಿರ ಹೋಗಿ ಮಾತಾಡುವುದಿಲ್ಲ. ಒಂದು ವಚನ ಹುಡುಕಿ, ಹಿಂದೆ ಸೂರ್ಯೋದಯದ ಚಿತ್ರ ಹಾಕಿ, ವಾಟ್ಸಾಪ್ ಸ್ಟೇಟಸ್‌ನಲ್ಲಿ ಇಡುತ್ತೇವೆ. ಯಾರಿಗೆ ತಾಗಬೇಕೋ ಅವರಿಗೆ ತಾಗುತ್ತದೆ. ಪ್ರಸಂಗ ಕೇಳುವಾಗಲೂ ಅಷ್ಟೇ. ನಾಲಿಗೆ ಹತೋಟಿಯಲ್ಲಿರಲಿ ಅಂತ ಪಾಸ್ಟರ್ ಹೇಳಿದ ಕೂಡಲೇ ನಮಗೆ ಅತ್ತಿಗೆ ನೆನಪಾಗುತ್ತಾಳೆ, ದುರಾಸೆ ಬೇಡ ಅಂದರೆ ತಮ್ಮ ನೆನಪಾಗುತ್ತಾನೆ, 'ಇದನ್ನ ಅವನು ಕೇಳಬೇಕಿತ್ತು' ಅಂದುಕೊಳ್ಳುತ್ತಲೇ ಎದ್ದು ಬರುತ್ತೇವೆ. ನಮ್ಮ ಹೆಸರಿಗೆ ಬಂದ ಪತ್ರ ಮೇಜಿನ ಮೇಲೆ ಹಾಗೇ ಬಿದ್ದಿರುತ್ತದೆ. ಪಕ್ಕದವರ ಹೆಸರಿಗೆ ಬಂದದ್ದನ್ನು ಒಡೆದು ಓದಿ ಅವರಿಗೇ ಒಪ್ಪಿಸುತ್ತೇವೆ.

ನಾನೂ ಇದನ್ನು ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಹೆಂಡತಿಯ ಜತೆ ಮಾತಿಗೆ ಮಾತು ಬೆಳೆಯಿತು. ಮಗಳ ಓದಿನ ವಿಷಯದಲ್ಲಿ ನನ್ನನ್ನು ಕೇಳದೆ ಅವಳು ಒಂದು ತೀರ್ಮಾನ ತೆಗೆದುಕೊಂಡಿದ್ದಳು. ತೀರ್ಮಾನ ಸರಿಯಾಗಿಯೇ ಇತ್ತು. ನನಗೆ ಹೇಳಲು ಏನೂ ಉಳಿದಿರಲಿಲ್ಲ. ಆಗ ನಾನು, 'ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಅಂತ ದೇವರ ವಾಕ್ಯವೇ ಹೇಳುತ್ತೆ' ಅಂದೆ. ಅವಳು ಎದುರು ಮಾತಾಡಲಿಲ್ಲ. ಒಳಗೆ ಹೋಗಿ ತನ್ನ ಸತ್ಯವೇದ ತಂದಳು. ಅಂಚೆಲ್ಲ ಸವೆದು ರಟ್ಟಿಗೆ ಟೇಪ್ ಹಚ್ಚಿದ್ದು ಅದು. ಅಪೊಸ್ತಲ ಪೌಲ ಎಫೆಸದವರಿಗೆ ಬರೆದ ಪತ್ರಿಕೆಯ (ಸತ್ಯವೇದದಲ್ಲಿ ಪತ್ರಿಕೆ ಅಂದರೆ ಪತ್ರ) 5ನೇ ಅಧ್ಯಾಯ ತೆಗೆದು ನನ್ನ ಮುಂದಿಟ್ಟು 22ನೇ ವಚನದ ಮೇಲೆ ಬೆರಳಿಟ್ಟಳು. 'ಇದು ನನಗೆ ಬರೆದದ್ದು. ಇದನ್ನ ನಾನು ಓದ್ಕೋತೀನಿ.' ಆಮೇಲೆ ಬೆರಳು ಕೆಳಗೆ ಜಾರಿ 25ರ ಮೇಲೆ ನಿಂತಿತು. 'ಇದು ನಿಮಗೆ. ಜೋರಾಗಿ ಓದಿ.'

ಓದಿದೆ. ಕ್ರಿಸ್ತನು ಸಭೆಗಾಗಿ, ಅಂದರೆ ತನ್ನನ್ನು ನಂಬಿದವರಿಗಾಗಿ, ತನ್ನನ್ನೇ ಒಪ್ಪಿಸಿಕೊಟ್ಟ ಹಾಗೆ ನೀವು ಹೆಂಡತಿಯನ್ನು ಪ್ರೀತಿಸಿ ಅನ್ನುವ ಮಾತು ಬಂದಾಗ ನನ್ನ ದನಿ ಇಳಿದುಹೋಯಿತು. ಅವಳು ಬೆರಳು ತೆಗೆಯಲಿಲ್ಲ.

ಆ ಅಧ್ಯಾಯವನ್ನು ಆಮೇಲೆ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಹೆಂಡತಿಯರಿಗೆ ಹೇಳಿದ್ದು 22ರಿಂದ 24, ಮೂರೇ ವಚನ. 25ರಿಂದ 33ರ ತನಕ ಮಾತೆಲ್ಲ ಗಂಡನ ಕಡೆಗೆ, ಕೊನೆಯಲ್ಲಿ ಮಾತ್ರ ಹೆಂಡತಿಗೆ ಒಂದು ಸಾಲು. 'ನಿನ್ನ ಹೆಂಡತಿಯನ್ನು ಅಧೀನದಲ್ಲಿಟ್ಟುಕೋ' ಅಂತ ಗಂಡನಿಗೆ ಅಲ್ಲಿ ಎಲ್ಲೂ ಹೇಳಿಲ್ಲ. ಅವನಿಗೆ ಹೇಳಿದ್ದು ಪ್ರೀತಿಸು, ಪೋಷಿಸು, ನಿನ್ನನ್ನು ಕೊಟ್ಟುಕೋ ಅಂತ. ಇನ್ನೊಂದು ವಿಷಯ ತಿಳಿದು ನಾನು ಬೆರಗಾದೆ. ಬಹಳ ಹಳೆಯ ಕೆಲವು ಗ್ರೀಕ್ ಹಸ್ತಪ್ರತಿಗಳಲ್ಲಿ 22ನೇ ವಚನಕ್ಕೆ ತನ್ನದೇ ಕ್ರಿಯಾಪದವೇ ಇಲ್ಲ. ಅಧೀನರಾಗಿರಿ ಅನ್ನುವ ಮಾತು ಬರುವುದು 21ರಿಂದ. ಅಲ್ಲಿರುವುದು 'ಒಬ್ಬರಿಗೊಬ್ಬರು' ಅಧೀನರಾಗಿರಿ ಅಂತ. ಪೌಲ ಪತ್ರ ಬರೆದಾಗ ವಚನಗಳಿಗೆ ಅಂಕಿ ಇರಲಿಲ್ಲ. ಇವತ್ತು ನಾವು ಬಳಸುವ ಅಂಕಿಗಳನ್ನು ಸತ್ಯವೇದದ ಎರಡನೆಯ ಭಾಗವಾದ ಹೊಸ ಒಡಂಬಡಿಕೆಗೆ ಹಾಕಿದ್ದು 1551ರಲ್ಲಿ, ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ. ಹುಡುಕಲು ಸುಲಭವಾಗಲಿ ಅಂತ ಹಾಕಿದ ಅಂಕಿಯನ್ನು ನಾವು ಕತ್ತರಿಯ ಹಾಗೆ ಬಳಸುತ್ತಿದ್ದೇವೆ. ನಮಗೆ ಬೇಕಾದ ತುಂಡು ಕತ್ತರಿಸಿಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತೇವೆ.

ಅದೇ ಪತ್ರಿಕೆಯಲ್ಲಿ ಮುಂದೆ ಮಕ್ಕಳಿಗೆ ಒಂದು ಮಾತಿದೆ, ತಂದೆತಾಯಿಯ ಮಾತು ಕೇಳಿ ಅಂತ. ಇದು ಎಲ್ಲ ಅಪ್ಪಂದಿರಿಗೂ ಗೊತ್ತು. ಅದರ ಹಿಂದೆಯೇ ಅಪ್ಪಂದಿರಿಗೂ ಒಂದು ಮಾತಿದೆ, ಮಕ್ಕಳನ್ನು ಕೆಣಕಿ ಸಿಟ್ಟೆಬ್ಬಿಸಬೇಡಿ ಅಂತ. ಕೊಲೊಸ್ಸೆಯವರಿಗೆ ಬರೆದದ್ದರಲ್ಲಿ ಪೌಲ ಕಾರಣವನ್ನೂ ಕೊಟ್ಟಿದ್ದಾನೆ: ಅವರ ಮನಸ್ಸು ಕುಗ್ಗಿಹೋದೀತು. ಅಂಕ ಕಡಿಮೆ ಬಂದ ದಿನ ಊಟದ ಹೊತ್ತಿನಲ್ಲಿ ಎಲ್ಲರೆದುರು ಮಗನನ್ನು ಪಕ್ಕದ ಮನೆಯ ಹುಡುಗನಿಗೆ ಹೋಲಿಸುವಾಗ ಈ ವಚನ ಯಾರಿಗಾದರೂ ನೆನಪಾಗುತ್ತಾ? ಈ ಪತ್ರಿಕೆಗಳನ್ನು ಆಗ ಸಭೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಅಪ್ಪನಿಗೆ ಹೇಳಿದ್ದನ್ನು ಪಕ್ಕದಲ್ಲೇ ಕೂತ ಮಗನೂ ಕೇಳುತ್ತಿದ್ದ, ಯಜಮಾನನಿಗೆ ಹೇಳಿದ್ದನ್ನು ಅವನ ದಾಸನೂ ಕೇಳುತ್ತಿದ್ದ. ಅದನ್ನು ಯೋಚಿಸಿದರೆ ಇವತ್ತಿಗೂ ನನಗೆ ಮೈ ಜುಮ್ಮೆನ್ನುತ್ತದೆ.

ಅರಸ ದಾವೀದನ ಕಥೆ ನಿಮ್ಮ ಓದುಗರಲ್ಲಿ ಹಲವರಿಗೆ ಗೊತ್ತಿರಬಹುದು. ತನ್ನ ಸೈನಿಕ ಊರೀಯನ ಹೆಂಡತಿಯನ್ನು ತೆಗೆದುಕೊಂಡು, ಊರೀಯನನ್ನು ಯುದ್ಧದಲ್ಲಿ ಸಾಯುವ ಹಾಗೆ ಮಾಡಿದ ಮೇಲೆ ಪ್ರವಾದಿ ನಾತಾನ ಬಂದು ಒಂದು ಕಥೆ ಹೇಳುತ್ತಾನೆ. ಬೇಕಾದಷ್ಟು ಕುರಿ ಇದ್ದ ಶ್ರೀಮಂತ, ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಅಂತ. ದಾವೀದನಿಗೆ ಸಿಟ್ಟು ನೆತ್ತಿಗೇರುತ್ತದೆ. ಅವನು ಸಾಯಲೇಬೇಕು, ನಾಲ್ಕರಷ್ಟು ಕೊಡಬೇಕು ಅನ್ನುತ್ತಾನೆ. ನ್ಯಾಯ ಅನ್ಯಾಯ ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಬೇರೆಯವನ ಬಗ್ಗೆ ಅಂದುಕೊಂಡಿದ್ದ, ಅಷ್ಟೇ. 'ಆ ಮನುಷ್ಯ ನೀನೇ' ಅಂತ ನಾತಾನ ಹೇಳುವ ತನಕ.

ಕ್ಷಮೆಯ ವಿಷಯಕ್ಕೆ ಬರುತ್ತೇನೆ. ಜಾಸ್ತಿ ನೋವಾಗುತ್ತಿರುವುದು ಇಲ್ಲೇ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸುವಿನ ಶಿಷ್ಯ ಪೇತ್ರ ಬಂದು, ನನ್ನ ಸಹೋದರ ತಪ್ಪು ಮಾಡುತ್ತಿದ್ದರೆ 'ನಾನು' ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೋ ಅಂತ ಕೇಳುತ್ತಾನೆ. ಅವನು ಕೇಳಿದ್ದು ತನ್ನ ಬಗ್ಗೆ. 'ಅವನು ನನ್ನನ್ನು ಎಷ್ಟು ಸಲ ಕ್ಷಮಿಸಬೇಕು' ಅಂತ ಕೇಳಿದ್ದಲ್ಲ. ಯೇಸು, ಏಳು ಸಲವಲ್ಲ, ಏಳೆಪ್ಪತ್ತು ಸಲ ಅಂದು, ಅವನಿಗೆ ಇಬ್ಬರು ಸಾಲಗಾರರ ಕಥೆ ಹೇಳಿದ. ಮೊದಲನೆಯವನು ಅರಸನಿಗೆ ಕೊಡಬೇಕಾದ್ದು ಹತ್ತು ಸಾವಿರ ತಲಾಂತು. ಆ ಸಾಲಗಾರನಿಗೆ ಅವನ ಜತೆಯ ಆಳು ಕೊಡಬೇಕಾದ್ದು ನೂರು ದಿನಾರಿ. ಒಂದು ದಿನಾರಿ ಅಂದರೆ ಕೂಲಿಯವನ ಒಂದು ದಿನದ ಸಂಬಳ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಲೆಕ್ಕ ಹಾಕಿ ನೋಡಿ. ಒಂದು ಕಡೆ ನೂರು ದಿನದ ಕೂಲಿ, ಇನ್ನೊಂದು ಕಡೆ ಆರು ಕೋಟಿ ದಿನದ ಕೂಲಿ. ಆರು ಕೋಟಿ ಮನ್ನಾ ಆದವನು ಹೊರಗೆ ಬಂದು ನೂರಕ್ಕಾಗಿ ಇನ್ನೊಬ್ಬನ ಕುತ್ತಿಗೆ ಹಿಡಿದ. ನನಗೆ ಯಾರ ಮೇಲಾದರೂ ಮನಸ್ಸು ಕಲ್ಲಾದಾಗ ಈ ಎರಡು ಅಂಕಿಗಳನ್ನು ನೆನಪಿಸಿಕೊಳ್ಳುತ್ತೇನೆ. ಕೆಲವು ಸಲ ಕರಗುತ್ತದೆ, ಕೆಲವು ಸಲ ದಿನಗಟ್ಟಲೆ ಹಿಡಿಯುತ್ತದೆ.

ಆದರೆ ಇದನ್ನು ನಾನು ನನಗೆ ಹೇಳಿಕೊಳ್ಳಬೇಕು. ಗಂಡನಿಂದ ಹೊಡೆತ ತಿಂದು, ಕೆನ್ನೆ ಊದಿಸಿಕೊಂಡು ಬಂದ ಹೆಣ್ಣುಮಗಳಿಗೆ ಮೊದಲ ಮಾತಾಗಿ 'ಕ್ಷಮಿಸಮ್ಮ, ಹೊಂದಿಕೊಂಡು ಹೋಗು, ಏಳೆಪ್ಪತ್ತು ಸಲ ಅಂತ ಕರ್ತನೇ ಹೇಳಿದ್ದಾನೆ' ಅನ್ನುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಹೇಳಿದವರು ಕೆಟ್ಟವರಲ್ಲ, ಮನೆ ಒಡೆಯಬಾರದು ಅನ್ನುವ ಕಾಳಜಿ ಅವರದು. ಆದರೂ ಅದು ತಪ್ಪು, ದೊಡ್ಡ ತಪ್ಪು. ಅವಳಿಗೆ ಒಂದು ವಚನ ಹೇಳಿದವರು ಅವಳ ಗಂಡನ ಮನೆ ಬಾಗಿಲು ತಟ್ಟಿ ಅವನ ವಚನವನ್ನು ಅವನಿಗೆ ಓದಿ ಹೇಳಲಿಲ್ಲ. ಅವನಿಗೂ ಬರೆದದ್ದಿದೆ. ಹೆಂಡತಿಯನ್ನು ಗೌರವಿಸು, ಇಲ್ಲದಿದ್ದರೆ ನಿನ್ನ ಪ್ರಾರ್ಥನೆಗೇ ಅಡ್ಡಿಯಾಗುತ್ತದೆ ಅಂತ ಪೇತ್ರ ತನ್ನ ಮೊದಲ ಪತ್ರಿಕೆಯ 3ನೇ ಅಧ್ಯಾಯದಲ್ಲಿ ಬರೆದಿದ್ದಾನೆ. ಯೌವನದಲ್ಲಿ ಕೈಹಿಡಿದವಳಿಗೆ ದ್ರೋಹ ಮಾಡಿದವನು ಯಜ್ಞವೇದಿಯನ್ನು ಕಣ್ಣೀರಿನಿಂದ ತೋಯಿಸಿದರೂ ದೇವರು ಅವನ ಕಾಣಿಕೆಯ ಕಡೆ ತಿರುಗಿ ನೋಡುವುದಿಲ್ಲ ಅಂತ ಪ್ರವಾದಿ ಮಲಾಕಿ ಹೇಳುತ್ತಾನೆ. ಇನ್ನು ಕ್ಷಮಿಸಿದವರು ಅದೇ ಮನೆಗೆ ವಾಪಸ್ ಹೋಗಲೇಬೇಕು ಅಂತ ಎಲ್ಲಿದೆ? ದಾವೀದ ಇನ್ನೂ ಅರಸನಾಗದಿದ್ದಾಗ ಆಗಿನ ಅರಸ ಸೌಲ ಅವನ ಮೇಲೆ ಈಟಿ ಎಸೆದ. ದಾವೀದ ಅವನನ್ನು ಕೊಲ್ಲುವ ಅವಕಾಶ ಎರಡು ಸಲ ಸಿಕ್ಕರೂ ಬಿಟ್ಟುಬಿಟ್ಟ. ಕೊನೆಗೆ ಸೌಲನೇ, ತಪ್ಪಾಯಿತು, ತಿರುಗಿ ಬಾ ಮಗನೇ, ಇನ್ನು ನಿನಗೆ ಕೇಡು ಮಾಡುವುದಿಲ್ಲ ಅಂದ. ದಾವೀದ ಹೋಗಲಿಲ್ಲ. ಸೌಲ ಮಲಗಿದ್ದಾಗ ಎತ್ತಿಕೊಂಡಿದ್ದ ಅವನ ಈಟಿಯನ್ನು ಒಬ್ಬ ಆಳು ಬಂದು ತೆಗೆದುಕೊಂಡು ಹೋಗಲಿ ಅಂದು ತನ್ನ ದಾರಿ ಹಿಡಿದ. ಸೇಡು ತೀರಿಸಲಿಲ್ಲ, ಈಟಿ ಎಸೆಯುವವನ ಪಕ್ಕ ಹೋಗಿ ಕೂರಲೂ ಇಲ್ಲ.

ತಪ್ಪು ಮಾಡಿದವನಿಗೆ ಬರೆದ ವಚನವೇ ಬೇರೆ ಇದೆ. ಕಾಣಿಕೆ ಹಿಡಿದು ಯಜ್ಞವೇದಿಯ ಹತ್ತಿರ ನಿಂತಿರುವಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಮನಸ್ತಾಪ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಹೋಗು, ಮೊದಲು ಅವನ ಜತೆ ಸರಿಮಾಡಿಕೋ ಅಂತ. ಸುಂಕ ವಸೂಲಿಗಾರ ಜಕ್ಕಾಯನನ್ನು ನೋಡಿ. ಜನರಿಂದ ಸುಲಿದವನು. 'ನನ್ನನ್ನು ಕ್ಷಮಿಸಿಬಿಡಿ, ಕ್ಷಮಿಸುವುದು ನಿಮ್ಮ ಧರ್ಮ' ಅಂತ ಊರೆಲ್ಲ ಹೇಳಿಕೊಂಡು ಬರಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಅಂದ.

ಈ ವಚನ ನನ್ನ ಬಾಗಿಲಿಗೂ ಬಂತು. ಸಭೆಯ ಹೊಸ ಕಟ್ಟಡಕ್ಕೆ ನಾನು ಒಂದು ಮೊತ್ತ ಕೊಡುತ್ತೇನೆ ಅಂತ ಎಲ್ಲರ ಮುಂದೆ ಒಪ್ಪಿಕೊಂಡಿದ್ದೆ. ಪ್ರತಿ ತಿಂಗಳು ತಪ್ಪದೆ ಕೊಡುತ್ತಿದ್ದೆ. ಅಮ್ಮ ತಂಗಿಯ ಮನೆಯಲ್ಲಿದ್ದರು. ಅಮ್ಮನ ಔಷಧಿಗೆ ನಾನು ಕಳುಹಿಸಬೇಕಾದ ಪಾಲು ಮೊದಲು ತಡವಾಯಿತು, ಆಮೇಲೆ ಅರ್ಧವಾಯಿತು, ಆಮೇಲೆ ನಿಂತಿತು. 'ಈ ತಿಂಗಳು ಸ್ವಲ್ಪ ಕಷ್ಟ' ಅಂತ ಫೋನಿನಲ್ಲಿ ಹೇಳುತ್ತಿದ್ದೆ. ತಂಗಿ ಒಂದು ದಿನವೂ ಜಗಳ ಆಡಲಿಲ್ಲ. 'ಆಯ್ತು ಅಣ್ಣ' ಅನ್ನುತ್ತಿದ್ದಳು. ಬರಬರುತ್ತಾ ಆ 'ಆಯ್ತು ಅಣ್ಣ' ಸಣ್ಣದಾಗುತ್ತಾ ಹೋಯಿತು. ಒಂದು ಬೆಳಗ್ಗೆ ಮಾರ್ಕನ ಸುವಾರ್ತೆಯ 7ನೇ ಅಧ್ಯಾಯ ಓದುತ್ತಿದ್ದೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು 'ಇದು ಕೊರ್ಬಾನ್, ಅಂದರೆ ದೇವರಿಗೆ ಮೀಸಲು' ಅಂದುಬಿಟ್ಟು ಅವರಿಗೆ ಏನೂ ಮಾಡದೆ ತಪ್ಪಿಸಿಕೊಳ್ಳುವವರ ಬಗ್ಗೆ ಯೇಸು ಫರಿಸಾಯರಿಗೆ, ಅಂದರೆ ಕಟ್ಟುನಿಟ್ಟಿನ ಯೆಹೂದ್ಯ ಪಂಥದವರಿಗೆ, ಹೇಳುವ ಭಾಗ. ಅದಕ್ಕೂ ಮುಂಚೆ ಎಷ್ಟೋ ಸಲ ಓದಿದ್ದೆ, ಫರಿಸಾಯರ ಮೇಲೆ ಸಿಟ್ಟು ಮಾಡಿಕೊಂಡು ಪುಟ ತಿರುಗಿಸಿದ್ದೆ. ಅವತ್ತು ಪುಟ ತಿರುಗಲಿಲ್ಲ.

ಆ ಭಾನುವಾರ ಆರಾಧನೆಯಲ್ಲಿ ಕರ್ತನ ಭೋಜನ, ಅಂದರೆ ಯೇಸುವನ್ನು ನೆನೆದು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆ, ಇತ್ತು. ನಾನು ಆರಾಧನೆಗೆ ಹೋಗದೆ ತಂಗಿಯ ಮನೆಗೆ ಹೋದೆ. ಅವಳು ಬಾಗಿಲು ತೆರೆದಾಗ ಕೈಯಲ್ಲಿ ಅಮ್ಮನ ಮಾತ್ರೆಯ ಹಾಳೆ ಇತ್ತು. ಒಂದೊಂದು ಮಾತ್ರೆಯನ್ನೂ ಚಾಕುವಿನಿಂದ ಎರಡು ಮಾಡಿ ಒಂದು ಪುಟ್ಟ ಡಬ್ಬಿಗೆ ಹಾಕುತ್ತಿದ್ದಳು, ತಿಂಗಳ ಕೊನೆಯ ತನಕ ಬರಲಿ ಅಂತ. ನಾನು ಹೇಳಬೇಕು ಅಂತ ಕಟ್ಟಿಕೊಂಡು ಹೋಗಿದ್ದ ಮಾತು ಒಂದೂ ಬರಲಿಲ್ಲ. ವಚನವಂತೂ ಬರಲೇ ಇಲ್ಲ. ತಪ್ಪು ನನ್ನದು ಅಂತ ಹೇಳಿ, ಬಾಕಿ ಉಳಿದ ತಿಂಗಳುಗಳ ಲೆಕ್ಕವನ್ನು ಅವಳೆದುರೇ ಬರೆದು, ಇದ್ದಷ್ಟನ್ನು ಕೊಟ್ಟು, ಉಳಿದದ್ದಕ್ಕೆ ತಾರೀಖು ಹಾಕಿ ಬಂದೆ. ಅವಳು ಕ್ಷಮಿಸಿದಳಾ ಅಂತ ನಾನು ಕೇಳಲಿಲ್ಲ. ಕೇಳುವ ಹಕ್ಕು ನನಗಿಲ್ಲ ಅನ್ನಿಸಿತ್ತು. ಕಟ್ಟಡ ಸಮಿತಿಯವರಿಗೆ, ನನ್ನಿಂದ ಇನ್ನು ಅಷ್ಟು ಆಗುವುದಿಲ್ಲ, ಕಾರಣ ಇದು ಅಂತ ಹೇಳಿದೆ. ಒಬ್ಬ ಹಿರಿಯರು ಸುಮ್ಮನೆ ನನ್ನ ಭುಜ ಹಿಡಿದುಕೊಂಡು ನಿಂತರು.

ಸಂಪಾದಕರೇ, ಪತ್ರ ಉದ್ದವಾಯಿತು. ಜಾಗ ಸಾಲದಿದ್ದರೆ ನನ್ನ ಮನೆಯ ಕಥೆ ತೆಗೆದುಹಾಕಿ, ಎಸ್ಟಿಯೆನ್ ವಿಷಯವನ್ನೂ ಬಿಡಿ. ಹೊಡೆತ ತಿಂದು ಬಂದವಳ ಬಗ್ಗೆ ಬರೆದ ಭಾಗವನ್ನು ಮಾತ್ರ ದಯವಿಟ್ಟು ಕತ್ತರಿಸಬೇಡಿ. ಅವಳಿಗೆ 'ಹೊಂದಿಕೊಂಡು ಹೋಗು' ಅಂದ ದಿನ ನಾನೂ ಅದೇ ಕೋಣೆಯಲ್ಲಿದ್ದೆ, ಬಾಯಿ ಬಿಡಲಿಲ್ಲ.

ಇತಿ,
ನಿಮ್ಮ ಪತ್ರಿಕೆಯ ಓದುಗ