ಕಾಫಿಗೆ ನೀರಿಡುವ ಮುಂಚೆ

ಪ್ರೀತಿಯ ತಂಗಿ,

ಕಾಗದ, ಕತೆ ಎರಡೂ ತಲುಪಿದವು. ಕತೆಯ ಮಾತು ಆಮೇಲೆ. 'ಕೆಲಸ ಬಿಟ್ಟು ಬರೀತಾ ಕೂರಲಾ ಅಣ್ಣ?' ಅಂತ ಕೇಳಿದ್ದೀಯಲ್ಲ, ಬೇಡ. ಈಗಲೇ ಬೇಡ.

ಅಮೆರಿಕದ ಕತೆಗಾರ ಎಲ್ಮೋರ್ ಲೆನಾರ್ಡ್ ಹೆಸರು ಕೇಳಿರಬೇಕು. ಕೌಬಾಯ್ ಕತೆ ಅಂತ ನಾವು ಮೂಗು ಮುರೀತೀವಲ್ಲ, ಅದರಲ್ಲೇ ಕೈ ಪಳಗಿಸಿಕೊಂಡವನು. 1950ರ ದಶಕದಲ್ಲಿ ಡೆಟ್ರಾಯಿಟ್‌ನಲ್ಲಿ ಕೂತು ಷೆವರ್ಲೆ ಗಾಡಿಗಳಿಗೆ ಜಾಹೀರಾತು ಬರೆಯುತ್ತಿದ್ದ. ಸಂಸಾರಸ್ಥ ಬೇರೆ. ಬೆಳಿಗ್ಗೆ 5ಕ್ಕೆ ಎದ್ದು 7ರವರೆಗೆ ಕತೆ. ಬರೆಯಲು ಶುರು ಮಾಡದೆ ಕಾಫಿಗೆ ನೀರಿಡುವ ಹಾಗಿಲ್ಲ ಅಂತ ತನಗೆ ತಾನೇ ಕಟ್ಟು ಹಾಕಿಕೊಂಡಿದ್ದ. ಆಫೀಸಿನಲ್ಲಿ ಮೇಜಿನ ಡ್ರಾಯರ್ ಎಳೆದು, ಅದರೊಳಗೆ ಕೈ ಇಟ್ಟು ಬರೆಯುತ್ತಿದ್ದನಂತೆ. ಯಾರಾದರೂ ಬಂದರೆ ಡ್ರಾಯರ್ ತಳ್ಳಿದರಾಯ್ತು. (ನಿನ್ನ ಮ್ಯಾನೇಜರ್‌ಗೆ ಇದನ್ನು ಹೇಳಬೇಡ.)

'ತ್ರೀ-ಟೆನ್ ಟು ಯೂಮಾ' ಕತೆ ಅಚ್ಚಾದದ್ದು 1953ರಲ್ಲಿ. ಪದಕ್ಕೆ 2 ಸೆಂಟ್, ಒಟ್ಟು 90 ಡಾಲರ್. ಒಬ್ಬ ಪೊಲೀಸ್ ಡೆಪ್ಯುಟಿ, ಒಬ್ಬ ಕೈದಿ, ಹೋಟೆಲಿನ ರೂಮಿನಲ್ಲಿ ರೈಲಿಗೆ ಕಾಯುತ್ತಾ ಕೂತಿದ್ದಾರೆ. ಅಷ್ಟೇ. ಇಬ್ಬರ ಮಾತಿನಲ್ಲೇ ನಮಗೆ ಬೆವರು ಬರುತ್ತೆ. 1957ರಲ್ಲಿ ಅದು ಸಿನಿಮಾ ಆಯ್ತು. ಕತೆ ನಡೆಯುವ ಅರಿಜೋನಾದ ಬೆಟ್ಟ ಕಣಿವೆಗಳನ್ನು ಅವನು ಹೆಕ್ಕಿದ್ದು 'ಅರಿಜೋನಾ ಹೈವೇಸ್' ಅನ್ನೋ ಪತ್ರಿಕೆಗೆ ಚಂದಾ ಕಟ್ಟಿ, ಅದರ ಫೋಟೋ ನೋಡಿ! 'ಕಾಣದ ಊರನ್ನು ಹೇಗೆ ಬರೆಯಲಿ' ಅಂದಿದ್ದೆಯಲ್ಲ, ಅದಕ್ಕೂ ಉತ್ತರ ಸಿಕ್ಕಿತು.

1961ರಲ್ಲಿ ಅವನೂ ಕೆಲಸ ಬಿಟ್ಟ. ಏನಾಯ್ತು? ಕೆಲಸ ಬಿಟ್ಟಾಗ ಕೈಗೆ ಬಂದ ದುಡ್ಡು ಮನೆ ಕೊಳ್ಳಲು ಹೋಯ್ತು. ಟಿವಿ ತುಂಬ ಕೌಬಾಯ್ ಕುದುರೆಗಳೇ ಓಡುತ್ತಿದ್ದ ಕಾಲ, ಅಂಥ ಕತೆ ಕೊಳ್ಳುವವರು ಕಮ್ಮಿಯಾದರು. ಮತ್ತೆ ಜಾಹೀರಾತು, ಪಾಠ ಹೇಳುವ ಸಿನಿಮಾಗಳಿಗೆ ಬರೆಯೋದೇ ಆಯ್ತು. ತನ್ನ 'ಹೋಂಬ್ರೆ' ಕಾದಂಬರಿಯ ಸಿನಿಮಾ ಹಕ್ಕು ಮಾರಾಟವಾದ ಮೇಲೆಯೇ ಪುಣ್ಯಾತ್ಮ ಮತ್ತೆ ಕಾದಂಬರಿಗೆ ಕೂತ. ಚಿತ್ರಕತೆಗಳು ಆಮೇಲಿನವು. ಕ್ಲಿಂಟ್ ಈಸ್ಟ್‌ವುಡ್‌ನ 'ಜೋ ಕಿಡ್' (1972) ಬರೆದವನು ಇವನೇ.

ನಾನೂ ಒಮ್ಮೆ ಕೆಲಸ ಬಿಟ್ಟಿದ್ದೆ. ಆರು ತಿಂಗಳಲ್ಲಿ ಹನ್ನೊಂದು ಪುಟ ಬರೆದೆ. ಮಧ್ಯಾಹ್ನದ ನಿದ್ದೆ ಮಾತ್ರ ಚೆನ್ನಾಗಿ ರೂಢಿಯಾಯ್ತು.

ಇನ್ನು ನಿನ್ನ ಕತೆ. ಮೂರನೇ ಪುಟದಲ್ಲಿ ಆ ಮುದುಕಿ ಚಿಲ್ಲರೆಗಾಗಿ ಕಂಡಕ್ಟರ್ ಜೊತೆ ಜಗಳ ತೆಗೀತಾಳಲ್ಲ, ಅಲ್ಲಿಂದ ಶುರು ಮಾಡು. ಅದಕ್ಕೆ ಮುಂಚಿನ ಮಳೆ, ಮೋಡ ಎಲ್ಲ ಹೊಡೆದು ಹಾಕು. ಯುಗಾದಿಯೊಳಗೆ ಕಳಿಸು, ಓದ್ತೀನಿ.

ಇಂತಿ,
ನಿನ್ನ ಅಣ್ಣ