ಹಿಂದಿನ ಗೇಟಿನ ಬೀಗ ತೆಗೆಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ಈ ಪತ್ರದ ಮರಾಠಿ ಪ್ರತಿ ತಮ್ಮ ಕಚೇರಿಗೆ ತಲುಪಿದೆ. ಕನ್ನಡದಲ್ಲೂ ಹಾಕುತ್ತಿರುವುದು ಮುಂಬಯಿಯ ನಮ್ಮ ಸಂಘಗಳ ಪದಾಧಿಕಾರಿಗಳು ಓದಲಿ ಎಂದು. ಈ ತಪ್ಪಿನಲ್ಲಿ ಅವರ ಪಾಲೂ ಇದೆ.

ನಮ್ಮ ಬೇಡಿಕೆ ಒಂದೇ. ಮೈದಾನದಲ್ಲಿ ಉತ್ಸವ ನಡೆಯುವ ದಿನ ಹಿಂದಿನ ಗೇಟನ್ನು ಗಣ್ಯರ ಗಾಡಿಗಳಿಗೆ ಮೀಸಲಿಡುವ ಪದ್ಧತಿ ನಿಲ್ಲಬೇಕು. ಮೊದಲನೆಯವರು ಒಳಗೆ ಕಾಲಿಟ್ಟ ಹೊತ್ತಿನಿಂದ ಕೊನೆಯವರು ಹೊರಬೀಳುವ ತನಕ ಆ ಗೇಟಿಗೆ ಬೀಗ ಇರಕೂಡದು, ಅದರ ಮುಂದೆ ಒಂದು ಸ್ಕೂಟರೂ ನಿಲ್ಲಕೂಡದು.

ನಾಲ್ಕು ವರ್ಷದಿಂದ ಇದನ್ನೇ ಹೇಳುತ್ತಿದ್ದೇವೆ. ವಾರ್ಡ್ ಕಚೇರಿಯಲ್ಲಿ ಹೇಳಿದರೆ ಪೊಲೀಸ್ ಠಾಣೆಯತ್ತ ಕೈ ತೋರಿಸುತ್ತಾರೆ. ಠಾಣೆಯವರು ಆಯೋಜಕರನ್ನು ಕೇಳಿ ಎನ್ನುತ್ತಾರೆ. ಆಯೋಜಕರು, "ಸಾಹೇಬರ ಗಾಡಿ ಅಲ್ಲೇ ಬರಬೇಕಂತೆ, ಪಿಎ ಫೋನ್ ಮಾಡಿದ್ದರು" ಎಂದು ಮಾತು ಮುಗಿಸುತ್ತಾರೆ. ಎಲ್ಲಿಂದ ಹೊರಟರೂ ದಾರಿ ತಮ್ಮ ಬಾಗಿಲಿಗೇ ಬಂದು ನಿಲ್ಲುತ್ತದೆ. ಅದಕ್ಕೇ ಈಗ ನೇರವಾಗಿ ತಮಗೇ ಬರೆಯುತ್ತಿದ್ದೇವೆ.

ಲೆಕ್ಕ ಹೀಗಿದೆ. ಉಪನಗರದ ನಮ್ಮ ಮೈದಾನಗಳು ಹೆಚ್ಚುಕಡಿಮೆ ಒಂದೇ ನಮೂನೆಯವು: ಮುಂದೆ ರಸ್ತೆಗೆ 4.5 ಮೀಟರಿನ ಗೇಟು, ಹಿಂದೆ ಗಲ್ಲಿಗೆ 3 ಮೀಟರಿನದು. ಸಮತಟ್ಟಾದ ದಾರಿಯಲ್ಲಿ ಏನೂ ಅಡ್ಡವಿಲ್ಲದಿದ್ದರೆ ಒಂದು ಮೀಟರ್ ಅಗಲದಿಂದ ನಿಮಿಷಕ್ಕೆ ಹೆಚ್ಚೆಂದರೆ 82 ಜನ ದಾಟುತ್ತಾರೆ. ಮೆಟ್ಟಿಲಿದ್ದರೆ 66. ಬ್ರಿಟನ್ನಿನ ಕ್ರೀಡಾಂಗಣಗಳಿಗೆ ಹಾಕಿಕೊಂಡ ಲೆಕ್ಕ ಇದು, ಈ ಕೆಲಸ ಬಲ್ಲವರು ಬೇರೆ ಕಡೆಯೂ ಇದನ್ನು ಹಿಡಿಯುತ್ತಾರೆ. ಎಲ್ಲರೂ 8 ನಿಮಿಷದೊಳಗೆ ಹೊರಬೀಳಬೇಕೆಂಬ ಮಿತಿಯೂ ಅಲ್ಲಿಯದೇ. ಎರಡೂ ಗೇಟು ಪೂರ್ತಿ ತೆರೆದಿದ್ದರೆ 7.5 ಮೀಟರ್. ಅದನ್ನು 82ರಿಂದಲೂ 8ರಿಂದಲೂ ಗುಣಿಸಿದರೆ 4,920 ಜನ.

ಹಿಂದಿನ ಗೇಟಿಗೆ ಬೀಗ ಬಿತ್ತು, 4.5 ಮೀಟರ್ ಉಳಿಯಿತು. ಅದರ ಮೇಲೆ ಸ್ವಾಗತ ಕಮಾನು ಬಂತು. ಕಬ್ಬಿಣದ ಚೌಕಟ್ಟಿಗೆ ಫ್ಲೆಕ್ಸ್ ಹೊದಿಸಿ ತಮ್ಮ ಭಾವಚಿತ್ರ ಏರಿಸುವ ಆ ಕಂಬಗಳು ಒಂದೊಂದೂ ಮುಕ್ಕಾಲು ಮೀಟರ್ ತಿನ್ನುತ್ತವೆ. ಉಳಿದದ್ದು 3 ಮೀಟರ್, ಅಂದರೆ 1,968 ಜನ. ಕಮಾನಿನ ಕೆಳಗೆ ಲೋಹ ಪತ್ತೆ ಮಾಡುವ ಎರಡು ಚೌಕಟ್ಟುಗಳನ್ನು ನಿಲ್ಲಿಸಿ, ಪಕ್ಕದಲ್ಲಿ ಬ್ಯಾಗ್ ತಪಾಸಣೆಯ ಮೇಜು ಹಾಕುತ್ತಾರೆ. ಒಂದು ಚೌಕಟ್ಟಿನ ಒಳ ಅಗಲ ಸುಮಾರು ಮುಕ್ಕಾಲು ಮೀಟರ್. ಎರಡು ಸೇರಿ ಒಂದೂವರೆ. ಲೆಕ್ಕ 984ಕ್ಕೆ ಇಳಿಯಿತು. ಕರಪತ್ರದಲ್ಲಿ ಮಾತ್ರ ಐದು ಸಾವಿರ ಜನರ ನಿರೀಕ್ಷೆ ಎಂದಿರುತ್ತದೆ.

ಇಷ್ಟೂ ಲೆಕ್ಕ ಎಲ್ಲವೂ ಸರಿಯಾಗಿ ನಡೆದಾಗಿನದು. ಸುರಕ್ಷತೆಯ ಯೋಜನೆ ಮಾಡುವಾಗ ಎಲ್ಲಕ್ಕಿಂತ ದೊಡ್ಡ ಗೇಟೇ ಕೈಕೊಟ್ಟಿದೆ ಎಂದುಕೊಂಡು ಉಳಿದದ್ದನ್ನು ಎಣಿಸಬೇಕು. ಬೆಂಕಿ ಮುಂದಿನ ಗೇಟಿನ ಬಳಿಯ ತಿಂಡಿ ಅಂಗಡಿಯಲ್ಲೇ ಹೊತ್ತಿಕೊಂಡರೆ? ಆಗ ಜನರ ಪಾಲಿಗಿರುವುದು ಹಿಂದಿನ ಮೂರು ಮೀಟರ್ ಮಾತ್ರ. ಅದಕ್ಕೂ ಬೀಗ ಇದ್ದರೆ ಉತ್ತರ ಸೊನ್ನೆ.

ಮೈದಾನದೊಳಗೆ ಎಷ್ಟು ಜನ ಹಿಡಿಸುತ್ತಾರೆ ಎಂಬುದು ಇನ್ನೊಂದು ಲೆಕ್ಕ. 40 ಮೀಟರ್ ಉದ್ದ, 30 ಮೀಟರ್ ಅಗಲವಿದ್ದರೆ 1,200 ಚದರ ಮೀಟರ್. ವೇದಿಕೆ, ಅದರ ಹಿಂದಿನ ಚೌಕಿ, ತಿಂಡಿ ಅಂಗಡಿ, ಜನರೇಟರ್, ನಡುವಿನ ಓಡಾಟದ ದಾರಿ ಕಳೆದರೆ ಕೂರಲು ಸಿಗುವುದು 700ರ ಆಸುಪಾಸು. ಕುರ್ಚಿಯೊಂದಕ್ಕೆ ಕಾಲು ಚಾಚುವ ಜಾಗ ಸೇರಿ 0.6 ಚದರ ಮೀಟರ್ ಹಿಡಿದರೆ 1,150 ಕುರ್ಚಿ. ಈ ಎರಡು ಲೆಕ್ಕಗಳಲ್ಲಿ ಯಾವುದು ಕಡಿಮೆಯೋ ಅದೇ ಮೈದಾನದ ಮಿತಿ. ಪರವಾನಿಗೆ ಪತ್ರದಲ್ಲಿ ಧ್ವನಿವರ್ಧಕ ಎಷ್ಟು ಗಂಟೆಯವರೆಗೆ ಎಂದಿರುತ್ತದೆ, ಮಂಟಪದ ಅಳತೆ ಇರುತ್ತದೆ, ಶುಲ್ಕದ ರಸೀದಿ ಸಂಖ್ಯೆ ಇರುತ್ತದೆ. ಈ ಮಿತಿ ಮಾತ್ರ ಇರುವುದಿಲ್ಲ.

ಕಳೆದ ವರ್ಷ ನವರಾತ್ರಿಯಲ್ಲಿ ಇಂಥದೇ ಒಂದು ಮೈದಾನದಲ್ಲಿ ನಡೆದದ್ದನ್ನು ತಾವು ಕೇಳಿರಲಾರಿರಿ, ಏಕೆಂದರೆ ಅದು ಯಾವ ದಾಖಲೆಯಲ್ಲೂ ಇಲ್ಲ. ಹಿಂದಿನ ಗೇಟಿನಿಂದ ಗಣ್ಯರ ಏಳು ಗಾಡಿ ಒಳಗೆ ಬಂದವು. ಗೇಟಿಗೆ ಬೀಗ ಹಾಕಿ, ಕೀಲಿಯನ್ನು ಕಾವಲುಗಾರ ಜೇಬಿಗಿಳಿಸಿದ. ಒಂಬತ್ತೂಕಾಲಕ್ಕೆ ಜೋರು ಮಳೆ ಬಂತು. ನೆಲದ ಮೇಲೆ ಎಳೆದಿದ್ದ ಕೇಬಲ್ಲಿನ ಜೋಡಣೆಗೆ ನೀರು ಇಳಿದು ಅರ್ಧ ಮಂಟಪದ ದೀಪ ಹೋಯಿತು. ಹೊರಗೆ ಹೋಗುವವರು ಮುಂದಿನ ಗೇಟಿನತ್ತ ನುಗ್ಗಿದರು. ಅದೇ ಹೊತ್ತಿಗೆ ರಸ್ತೆಯಲ್ಲಿ ನೆನೆಯುತ್ತಿದ್ದವರು ಮಂಟಪದ ಆಸರೆಗೆಂದು ಅದೇ ಗೇಟಿನಿಂದ ಒಳನುಗ್ಗಿದರು. ಕಮಾನಿನ ಬುಡದಲ್ಲಿ ಬಿಟ್ಟಿದ್ದ ನೂರಾರು ಜೋಡಿ ಚಪ್ಪಲಿ ಕಾಲಿಗೆ ತೊಡರುತ್ತಿದ್ದವು. ಹಿಂದಿನ ಗೇಟಿಗೆ ಓಡಿದವರಿಗೆ ಸಿಕ್ಕಿದ್ದು ಬೀಗ. ಕೀಲಿ ಇದ್ದವನು ಚಾಲಕರ ಜೊತೆ ಊಟಕ್ಕೆ ಕೂತಿದ್ದ, ಅವನನ್ನು ಹುಡುಕಿ ತರುವ ಹೊತ್ತಿಗೆ ಹನ್ನೊಂದು ನಿಮಿಷ ಕಳೆದಿತ್ತು. ಅಷ್ಟರಲ್ಲಿ ತಾಯಂದಿರು ಮಕ್ಕಳನ್ನು ಆರಡಿ ಗೋಡೆಯ ಮೇಲಿಂದ ಗುರುತಿಲ್ಲದವರ ಕೈಗೆ ದಾಟಿಸಿದ್ದರು. ಬೀಗ ತೆಗೆದ ಮೇಲೂ ಗೇಟು ಪೂರ್ತಿ ತೆರೆಯಲಿಲ್ಲ. ಅದು ಒಳಕ್ಕೆ ತೆರೆಯುವ ಗೇಟು. ಒಳಗಡೆ ಜನ ಒತ್ತಿಕೊಂಡು ನಿಂತಿದ್ದರು, ಅವರ ಬೆನ್ನಿಗೆ ಗಾಡಿ ನಿಂತಿತ್ತು. ಯಾರೂ ಸಾಯಲಿಲ್ಲ. ಒಬ್ಬ ಅಜ್ಜಿಯ ಮಣಿಕಟ್ಟು ಮುರಿಯಿತು. ಯಾರೂ ಸಾಯಲಿಲ್ಲವೆಂದು ಯಾರೂ ಬರೆದುಕೊಳ್ಳಲಿಲ್ಲ. ಮಾರನೆಯ ದಿನ ಅದೇ ಗೇಟು, ಅದೇ ಬೀಗ.

ಅಂಥ ಗೇಟಿನ ಬಳಿ ಏನಾಗುತ್ತದೆಂದು ತಿಳಿಯದವರು ಅದನ್ನು ಕಾಲ್ತುಳಿತ ಎನ್ನುತ್ತಾರೆ. ಆ ಪದವೇ ದಾರಿ ತಪ್ಪಿಸುತ್ತದೆ, ಜನ ಹುಚ್ಚರಂತೆ ಓಡಿ ತುಳಿದರು ಎಂದು ತಪ್ಪನ್ನು ಜನರ ತಲೆಗೇ ಕಟ್ಟುತ್ತದೆ. ಚದರ ಮೀಟರಿಗೆ ಇಬ್ಬರು ಇರುವವರೆಗೆ ಆರಾಮವಾಗಿ ನಡೆಯಬಹುದು. ನಾಲ್ವರಾದರೆ ಭುಜಕ್ಕೆ ಭುಜ ತಾಗುತ್ತದೆ. ಐದು ದಾಟಿದರೆ ನಾವು ಬಯಸಿದತ್ತ ಕಾಲಿಡಲಾಗುವುದಿಲ್ಲ. ಆರೇಳು ಆದರೆ ಇಡೀ ಗುಂಪು ನೀರಿನ ಹಾಗೆ ಅಲೆಯಾಗಿ ತೂಗುತ್ತದೆ, ಕಾಲು ನೆಲ ಬಿಡುತ್ತದೆ. ಎದೆಗೂಡು ಹಿಗ್ಗಲು ಜಾಗವಿಲ್ಲದೆ ಎಷ್ಟೋ ಜನ ನಿಂತಲ್ಲೇ ಉಸಿರುಗಟ್ಟುತ್ತಾರೆ. ಹಿಂದಿನವರಿಗೆ ಇದು ಕಾಣುವುದೇ ಇಲ್ಲ. ಸಾಲು ಯಾಕೆ ನಿಂತಿತೆಂದು ಇನ್ನೊಂದು ಹೆಜ್ಜೆ ಮುಂದೆ ಇಡುತ್ತಾರೆ, ಆ ಒಂದೊಂದು ಹೆಜ್ಜೆಯ ಭಾರವೂ ಮುಂದಿನವರ ಎದೆಗೆ ಹೋಗಿ ಸೇರುತ್ತದೆ. ಮುಂದೆ ನಿಂತು "ಹಿಂದೆ ಸರಿಯಿರಿ" ಎಂದು ಲಾಠಿ ಆಡಿಸಿದರೆ ಪ್ರಯೋಜನವಿಲ್ಲ. ಹಿಂದಿನಿಂದ ಬರುವವರನ್ನು ತಡೆಯಬೇಕು, ಜೊತೆಗೆ ಇನ್ನೊಂದು ಬಾಗಿಲು ತೆರೆಯಬೇಕು. ಆ ಇನ್ನೊಂದು ಬಾಗಿಲಿನ ಮುಂದೆ ತಮ್ಮ ಗಾಡಿ ನಿಂತಿದೆ.

ಈ ಊರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಪಾದಚಾರಿ ಸೇತುವೆಯಲ್ಲಿ 23 ಜನ ಸತ್ತರು. ಅಲ್ಲಿ ಉತ್ಸವ ಇರಲಿಲ್ಲ. ಮಳೆಗೆ ನಿಂತ ಜನ, ಕಿರಿದಾದ ಮೆಟ್ಟಿಲು, ಒಂದರ ಹಿಂದೊಂದು ಬಂದ ಲೋಕಲ್‌ಗಳು, ಇಷ್ಟೇ ಸಾಕಾಯಿತು. ಸಾತಾರಾ ಜಿಲ್ಲೆಯ ಮಾಂಢರದೇವಿ ಜಾತ್ರೆಯಲ್ಲಿ 2005ರ ಜನವರಿ 25ರಂದು ಕಿರಿದಾದ ಗುಡ್ಡದ ದಾರಿ, ತೆಂಗಿನಕಾಯಿ ನೀರಿನಿಂದ ಜಾರುವ ಮೆಟ್ಟಿಲು, ಅಂಗಡಿಗಳಿಗೆ ಹತ್ತಿದ ಬೆಂಕಿ ಎಲ್ಲ ಸೇರಿ ಮುನ್ನೂರರ ಸಮೀಪ ಜನ ಹೋದರು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 2025ರ ಜೂನ್ 4ರಂದು 11 ಜನ ಸತ್ತಾಗ ಮುಂಬಯಿಯ ಕನ್ನಡಿಗರ ಮನೆಮನೆಯಲ್ಲೂ ಫೋನು ರಿಂಗಾಯಿತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2014ರಲ್ಲೇ ಜನಸಂದಣಿ ನಿರ್ವಹಣೆಗೆ ಮಾರ್ಗದರ್ಶಿ ಕೊಟ್ಟಿದೆ. ಇವೆಲ್ಲ ತಮಗೆ ಗೊತ್ತು. ಗೊತ್ತಿದ್ದೂ ಆ ಗೇಟಿಗೆ ಬೀಗ ಬೀಳುತ್ತಿದೆ ಎಂಬುದೇ ನಮ್ಮ ಸಂಕಟ.

ಗಣ್ಯರು ಬರುವುದರಿಂದ ಇನ್ನೂ ಎರಡು ತೊಂದರೆ ಇದೆ. ಏಳಕ್ಕೆ ಎಂದವರು ಒಂಬತ್ತೂವರೆಗೆ ಬಂದಾಗ ಗೇಟಿನ ಬಳಿಯ ಪೊಲೀಸರೂ ಸ್ವಯಂಸೇವಕರೂ ವೇದಿಕೆಯತ್ತ ಓಡುತ್ತಾರೆ. ಫೋಟೊಗೆಂದು ಜನ ವೇದಿಕೆಯ ಬುಡಕ್ಕೆ ಒತ್ತುತ್ತಾರೆ, ಗೇಟಿನಲ್ಲಿ ಎಣಿಸುವವರೇ ಇರುವುದಿಲ್ಲ. ಎರಡನೆಯದು ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕೆಂಬ ನಿಯಮ. ಭಾಷಣ ಮುಗಿಯುವುದೂ ಧ್ವನಿವರ್ಧಕ ಬಂದ್ ಮಾಡುವುದೂ ಒಂದೇ ಕ್ಷಣವಾದರೆ ಎಲ್ಲರೂ ಒಟ್ಟಿಗೆ ಏಳುತ್ತಾರೆ, ಅವರಿಗೆ ದಾರಿ ಹೇಳಬೇಕಾದ ಮೈಕು ಅದೇ ಕ್ಷಣ ಸತ್ತಿರುತ್ತದೆ. ಸಾರ್ವಜನಿಕ ತುರ್ತಿಗೆ ಧ್ವನಿ ನಿಯಮದಲ್ಲೇ ವಿನಾಯಿತಿ ಇದೆ. ಅದು ಬೇಡವೆಂದರೆ ಬ್ಯಾಟರಿಯ ಎರಡು ಮೆಗಾಫೋನ್ ಸಾಕು, ಗೇಟಿಗೊಂದರಂತೆ. ಕಾರ್ಯಕ್ರಮ ಒಂಬತ್ತೂಮುಕ್ಕಾಲಕ್ಕೆ ಮುಗಿಯಬೇಕು, ಕೊನೆಯ ಕಾಲು ಗಂಟೆ ಜನರನ್ನು ಕಳಿಸುವುದಕ್ಕೆ ಇರಬೇಕು. ಖಾರ್ಘರ್‌ನಲ್ಲಿ 2023ರ ಏಪ್ರಿಲ್ 16ರ ಪ್ರಶಸ್ತಿ ಸಮಾರಂಭದಲ್ಲಿ ಬಿಸಿಲಿಗೆ ಕೂತ 14 ಜನ ಸತ್ತರು. ಸಮಾರಂಭದ ಹೊತ್ತನ್ನು ವೇದಿಕೆಯ ಮೇಲಿನವರ ಅನುಕೂಲಕ್ಕೆ ಗೊತ್ತುಮಾಡಬಾರದೆಂದು ಅದರ ಮೇಲೂ ಹೇಳಬೇಕಾಗಿದೆ, ನೋಡಿ.

ಸಂಘಗಳ ಪದಾಧಿಕಾರಿಗಳಿಗೂ ನಾಲ್ಕು ಮಾತು. ಡೆಕೊರೇಟರ್‌ನ ಮೇಲೆ ಎಲ್ಲ ಬಿಟ್ಟು ಕೂರಬೇಡಿ. ಜನರೇಟರ್‌ನಿಂದ ಬರುವ ಸಾಲಿಗೆ ವಿದ್ಯುತ್ ಸೋರಿದರೆ ತಾನಾಗಿ ಕರೆಂಟು ಕಡಿಯುವ 30 ಮಿಲಿಆಂಪಿಯರಿನ ಸ್ವಿಚ್ ಇದೆಯೇ ಎಂದು ಅದರ ಪರೀಕ್ಷಾ ಗುಂಡಿ ಒತ್ತಿಯೇ ನೋಡಿ. ಕೇಬಲ್ಲಿನ ಜೋಡಣೆಗಳು ನೆಲದಿಂದ ಮೇಲಿರಲಿ, ದಾರಿ ದಾಟುವಲ್ಲಿ ತಲೆಯ ಮೇಲಿಂದ ಹೋಗಲಿ. ಮಂಟಪದ ಮೇಲೆ ವಿದ್ಯುತ್ ತಂತಿ ಹಾಯ್ದಿರಬಾರದು. ಗೇಟಿನಿಂದ ಹತ್ತು ಮೀಟರಿನೊಳಗೆ ಪ್ರಸಾದ, ಗ್ಯಾಸ್ ಸಿಲಿಂಡರ್, ಚಪ್ಪಲಿ ಯಾವುದೂ ಬೇಡ. ಕಮಾನು ಬೇಕೇ ಬೇಕೆಂದರೆ ಕಂಬಗಳು ಗೇಟಿನ ಅಗಲದ ಹೊರಗೆ ಬರಲಿ, ಎತ್ತರ 4.5 ಮೀಟರಿಗಿಂತ ಕಡಿಮೆಯಾದರೆ ಅಗ್ನಿಶಾಮಕ ಗಾಡಿ ಹೊರಗೇ ನಿಲ್ಲಬೇಕಾದೀತು. ಫ್ಲೆಕ್ಸ್ ಎಂದರೆ ಗಾಳಿಗೆ ಹಾಯಿ ಇದ್ದ ಹಾಗೆ. ಘಾಟ್ಕೋಪರಿನ ಜಾಹೀರಾತು ಫಲಕ 2024ರ ಮೇ 13ರ ಗಾಳಿಗೆ ಬಿದ್ದು 17 ಜನ ಸತ್ತದ್ದನ್ನು ನಾವು ಮರೆಯುವ ಹಾಗಿಲ್ಲ. ಒಳಬರುವವರನ್ನು ಎಣಿಸಲು ಗೇಟಿಗೊಬ್ಬರು ಕೈಯಲ್ಲಿ ಒತ್ತುವ ಎಣಿಕೆ ಯಂತ್ರ ಹಿಡಿದು ನಿಲ್ಲಲಿ. ಮಿತಿ ಮುಟ್ಟಿದಾಗ ಒಳಬಿಡುವುದನ್ನು ನಿಲ್ಲಿಸುವ ಅಧಿಕಾರ ಅವರದು, ಅಧ್ಯಕ್ಷರ ನೆಂಟರಿಗೂ ಅದೇ ಮಾತು.

ಮತ್ತೆ ತಮ್ಮ ಕಡೆಗೇ ಬರುತ್ತೇವೆ, ಶಾಸಕರೇ. ಸಂಘಗಳು ಇದೆಲ್ಲವನ್ನೂ ಮಾಡಿದರೂ ಹಿಂದಿನ ಗೇಟಿಗೆ ಬೀಗ ಇದ್ದರೆ ಲೆಕ್ಕ ಮತ್ತೆ ಸೊನ್ನೆಗೇ ಬರುತ್ತದೆ. ಮುಂದಿನ ಗೇಟಿನಿಂದ ವೇದಿಕೆಗೆ ನಲವತ್ತು ಮೀಟರೂ ಇಲ್ಲ. ಜನರ ನಡುವೆ ನಡೆದು ಬನ್ನಿ, ಎರಡು ಕಡೆ ಹಗ್ಗ ಹಿಡಿದು ದಾರಿ ಮಾಡಿಕೊಡುತ್ತೇವೆ. ಗಾಡಿ ಮುಖ್ಯರಸ್ತೆಯಲ್ಲಿ ನಿಲ್ಲಲಿ. ಭದ್ರತೆಯ ಕಾರಣಕ್ಕೆ ಅದು ಆಗದೆಂದು ಪೊಲೀಸರು ಹೇಳಿದರೆ ವೇದಿಕೆಗೆ ಬರುವುದೇ ಬೇಡ, ಸಂದೇಶ ಕಳಿಸಿ, ಓದಿ ಹೇಳುತ್ತೇವೆ. ಇಷ್ಟು ಕಟುವಾಗಿ ಬರೆಯುವುದು ನಮಗೂ ಹಿತವಲ್ಲ. ಆದರೆ ಗೋಡೆಯ ಮೇಲಿಂದ ಮಕ್ಕಳನ್ನು ದಾಟಿಸುವ ಆ ಕೈಗಳನ್ನು ನೀವು ನೋಡಿಲ್ಲ. ಒಮ್ಮೆ ನೋಡಿದ್ದರೆ ನಿಮ್ಮ ಪಿಎ ಆ ಫೋನ್ ಮಾಡುತ್ತಿರಲಿಲ್ಲ.

ತಮ್ಮ ಕಚೇರಿಯ ಲೆಟರ್‌ಹೆಡ್ಡಿನಲ್ಲಿ ವಾರ್ಡ್ ಕಚೇರಿ, ಪೊಲೀಸ್ ಠಾಣೆ, ಅಗ್ನಿಶಾಮಕ ದಳ, ಎಲ್ಲ ಆಯೋಜಕರಿಗೂ ಒಂದು ಸಾಲು ಬರೆದುಕೊಡಿ: "ನನ್ನ ಬರುವಿಕೆಗಾಗಿ ಯಾವ ಮೈದಾನದ ಯಾವ ಗೇಟನ್ನೂ ಮುಚ್ಚಕೂಡದು, ಮೀಸಲಿಡಕೂಡದು." ಇದಕ್ಕೆ ಟೆಂಡರ್ ಬೇಡ, ನಿಧಿ ಬೇಡ, ಸಭೆಯೂ ಬೇಡ. ಈ ಸಲದ ನವರಾತ್ರಿಯ ಘಟಸ್ಥಾಪನೆಗೆ ಮುಂಚೆ ಆ ಸಾಲು ನಮಗೆ ಬೇಕು. ಹಿಂದಿನ ದಿನ ಸಂಜೆ ಆರಕ್ಕೆ ಅಳತೆ ಟೇಪು ಹಿಡಿದು ಮೈದಾನದಲ್ಲಿರುತ್ತೇವೆ, ತಾವಾಗಲಿ ತಮ್ಮ ಕಡೆಯವರಾಗಲಿ ಬಂದರೆ ಗೇಟಿನ ಎರಡೂ ರೆಕ್ಕೆ ಪೂರ್ತಿ ತೆರೆಯುತ್ತವೆಯೇ ಎಂದು ಜೊತೆಯಲ್ಲೇ ನೋಡೋಣ. ಬರುವಾಗ ಬೀಗದ ಕೀಲಿ ತರಿಸಿ.

ಇತಿ,
ಉಪನಗರದ ಉತ್ಸವಗಳಲ್ಲಿ ಗೇಟು, ಮಂಟಪ, ವಿದ್ಯುತ್ತಿನ ಕೆಲಸ ನೋಡಿಕೊಳ್ಳುವ ಕನ್ನಡಿಗ ಸ್ವಯಂಸೇವಕರು
ಮುಂಬಯಿ